ದನಗಳಿಗೆ ಹಾಸಿಗೆ ಹಾಸಿದ ವರ್ಷ

ರೈತರಿಗೆ ಪಾಠ ಹೇಳುವುದಕ್ಕೆಂದು ಸರ್ಕಾರದಿಂದ ಸಂಬಳ ತೆಗೆದುಕೊಳ್ಳುವವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಬೆಳಿಗ್ಗೆ ಸೈಕಲ್ ಹತ್ತಿದರೆ ಸಾಕು, ಮುಂದಿನ ಊರಿನಲ್ಲಿ ಅದೇ ನಮಗಾಗಿ ಕಾದು ಕುಳಿತಿರುತ್ತದೆ.

ಇದು ಮಹಾರಾಜರ ಕಾಲದ ಮಾತು. ಆಗ ನಾನು ಬೇಸಾಯದ ಇಲಾಖೆಯಲ್ಲಿ ಫೀಲ್ಡ್‌ಮನ್. ಹೆಸರೇನೋ ದೊಡ್ಡದು, ಕೆಲಸ ಮಾತ್ರ ಹಂಗಾಮಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿಗೂ ನಾನೊಬ್ಬನೇ, ನನಗೊಂದು ಇಲಾಖೆಯ ಸೈಕಲ್ಲು. ಹುಟ್ಟಿ ಬೆಳೆದದ್ದು ತುಮಕೂರಿನ ಪೇಟೆಯಲ್ಲಿ, ಅಪ್ಪ ಶಾಲೆಯ ಮೇಷ್ಟ್ರು. ದನ ಎಂದರೆ ಬೀದಿಯಲ್ಲಿ ಎದುರಾದಾಗ ನಾವು ಪಕ್ಕಕ್ಕೆ ಸರಿದು ದಾರಿ ಬಿಡಬೇಕಾದ ಪ್ರಾಣಿ ಎನ್ನುವಷ್ಟೇ ನನ್ನ ತಿಳಿವಳಿಕೆ. ಉಳಿದದ್ದನ್ನೆಲ್ಲ ಬೇಸಾಯದ ಶಾಲೆಯಲ್ಲಿ ಪುಸ್ತಕ ಓದಿ ಕಲಿತಿದ್ದೆ.

ಆ ವರ್ಷ ಬೆಂಗಳೂರಿನಿಂದ ಅಚ್ಚು ಹಾಕಿಸಿದ ಒಂದು ಪುಸ್ತಿಕೆ ಬಂತು. ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಕಡಲೇಕಾಯಿ ಸಿಪ್ಪೆ ಇವನ್ನೆಲ್ಲ ರೈತರು ಸುಮ್ಮನೆ ಹಾಳು ಮಾಡುತ್ತಿದ್ದಾರೆ. ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಿದರೆ ಗಂಜಳ ಹೀರಿಕೊಂಡು ಒಳ್ಳೆಯ ಗೊಬ್ಬರವಾಗುತ್ತದೆ, ದನಗಳೂ ಸುಖವಾಗಿ ಮಲಗುತ್ತವೆ. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ತಿನ್ನಿಸಿದರೆ ಮೈ ತುಂಬಿಕೊಳ್ಳುತ್ತವೆ ಎಂದು ಅದರ ಸಾರಾಂಶ. ತಾಲ್ಲೂಕಿಗೊಂದು ಮಾದರಿ ಕೊಟ್ಟಿಗೆಯನ್ನು ನಾನು ಮಾಡಿಸಬೇಕು. ಬೇಸಿಗೆಯಲ್ಲಿ ದೊಡ್ಡ ಸಾಹೇಬರು ಸರ್ಕೀಟು ಬಂದು ನೋಡುತ್ತಾರೆ. ಮೆಚ್ಚಿದರೆ ನನ್ನ ಕೆಲಸ ಕಾಯಂ. ಮೆಚ್ಚದಿದ್ದರೆ ಸೈಕಲ್ಲನ್ನು ಇಲಾಖೆಗೆ ಒಪ್ಪಿಸಿ ಮನೆಗೆ ನಡೆದುಕೊಂಡು ಹೋಗುವುದು.

ಬರೀ ಕೆಲಸದ ಮಾತಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನನ್ನ ಸೋದರಮಾವನಿಗೆ ಒಬ್ಬಳೇ ಮಗಳು. ಅವಳು ನನಗೇ ಎಂದು ಚಿಕ್ಕಂದಿನಿಂದ ಮನೆಯವರೆಲ್ಲ ಹೇಳುತ್ತಾ ಬಂದಿದ್ದರು. ಅವರು ಹೇಳದೇ ಇದ್ದಿದ್ದರೂ ನನಗೆ ಅವಳ ಮೇಲೆ ಪ್ರಾಣವೇ ಇತ್ತು. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯೇನು? ಆದರೆ ಮಾವ ಕಾಗದಪತ್ರ ನಂಬುವ ಮನುಷ್ಯ. "ಕಾಯಂ ಆರ್ಡರು ತಂದು ತೋರಿಸು, ಧಾರೆ ಎರೆದು ಕೊಡ್ತೀನಿ. ವೈಶಾಖ ಮುಗಿಯೋದ್ರೊಳಗೆ ಬರದೇ ಹೋದ್ರೆ ರೈಲ್ವೆ ಗುಮಾಸ್ತೆ ಒಬ್ಬ ಕೇಳ್ತಾ ಇದಾನೆ, ನಾನು ಎಷ್ಟು ದಿನ ಕಾಯಿಸ್ಲಿ?" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು. ಹೀಗಾಗಿ ನಾಲ್ಕು ತಾಲ್ಲೂಕಿನ ದನಗಳು ಎಂಥ ಹಾಸಿಗೆಯ ಮೇಲೆ ಮಲಗುತ್ತವೆ ಎನ್ನುವುದರ ಮೇಲೆ ನನ್ನ ಮದುವೆ ನಿಂತಿತ್ತು.

ಅಜ್ಜಿಯ ಬಚ್ಚಲು ಒಲೆ

ಮೊದಲು ಹೋದದ್ದು ಮಧುಗಿರಿಯ ಹತ್ತಿರ, ಕೆರೆಯ ಕೆಳಗಿದ್ದ ಒಂದು ತೆಂಗಿನ ತೋಟದ ಮನೆಗೆ. ಆ ಮನೆಯಲ್ಲಿ ಒಬ್ಬ ಅಜ್ಜಿಯದೇ ಯಜಮಾನಿಕೆ. ಗಂಡುಮಕ್ಕಳು ಮೂವರಿದ್ದರೂ ಅಜ್ಜಿ ಕೆಮ್ಮಿದರೆ ಸಾಕು, ಮೂವರೂ ಎದ್ದು ನಿಲ್ಲುತ್ತಿದ್ದರು. ನಾನು ಪುಸ್ತಿಕೆ ಓದಿ ಹೇಳಿದೆ. ಮಟ್ಟೆಯನ್ನು ಬಡಿದು, ನಾರು ಬಿಡಿಸಿ, ಹಸುಗಳ ಕೆಳಗೆ ಒಂದು ಗೇಣು ದಪ್ಪ ಹಾಸಬೇಕು ಎಂದೆ. ವಾದಕ್ಕೆ ಬರುತ್ತಾಳೆಂದು ಅರ್ಧ ಗಂಟೆಗೆ ಆಗುವಷ್ಟು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅಜ್ಜಿ ವಾದವನ್ನೇ ಮಾಡಲಿಲ್ಲ.

"ಆಗ್ಲಿ ಕಣಪ್ಪ, ಹಾಸಾನೆ. ನೀನು ಯಾವ್ಯಾವ ದಿನ ಬತ್ತೀಯ?"

"ಪ್ರತಿ ಸೋಮವಾರ ಬರ್ತೀನಿ ಅಜ್ಜಿ."

"ಸೋಮ್ವಾರ. ಸರಿ ಬುಡು."

ಸೋಮವಾರ ಹೋಗಿ ನೋಡಿದರೆ ಕಣ್ಣು ತಂಪಾಗುವ ಹಾಗಿತ್ತು ಕೊಟ್ಟಿಗೆ. ಮೂಲೆಯಿಂದ ಮೂಲೆಗೆ ಹೊಂಬಣ್ಣದ ನಾರು, ಅದರ ಮೇಲೆ ಹಸುಗಳು. ಮುಂದಿನ ಸೋಮವಾರವೂ ಹಾಗೇ. ಅಜ್ಜಿಗೆ ನನ್ನ ಮೇಲೆ ಅಕ್ಕರೆಯೋ ಅಕ್ಕರೆ. "ಬಿಸ್ಲಾಗೆ ತುಳ್ಕಂಡು ಬಂದಿದೀಯ ಮಗ, ತಲೆಗೆ ಎಣ್ಣೆ ಇಟ್ಕಂಡು ನಾಕು ಚೊಂಬು ಬಿಸ್ನೀರು ಹುಯ್ಕೋ" ಎಂದು ಬಚ್ಚಲಿಗೆ ಕಳಿಸುತ್ತಿದ್ದಳು. ಹಂಡೆಯ ತುಂಬ ಕುದಿಯುವ ನೀರು. ಮೀಯುವಾಗ ನಾನು ಸಾಹೇಬರ ಮುಂದೆ ಆಡಬೇಕಾದ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದೆ. ಹೀಗೆ ಐದು ಸೋಮವಾರ ಕಳೆದವು.

ಒಮ್ಮೆ ಬೇರೆ ಊರಿಗೆ ಹೊರಟವನು ದಾರಿಯಲ್ಲೇ ಇದೆಯಲ್ಲ ಎಂದು ಗುರುವಾರ ಒಳಹೊಕ್ಕೆ. ಕೊಟ್ಟಿಗೆಯಲ್ಲಿ ಬರೀ ಕಲ್ಲುಚಪ್ಪಡಿ. ನಾರು ಅಂಗಳದಲ್ಲಿ ಬಿಸಿಲಿಗೆ ಹರವಿತ್ತು. ಅಜ್ಜಿ ಅದನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ ಬಚ್ಚಲು ಒಲೆಗೆ ಹಾಕುತ್ತಿದ್ದಳು.

"ಅಜ್ಜೀ! ಅದು ದನದ ಹಾಸಿಗೆ!"

"ಹೂಂ ಕಣಪ್ಪ, ಅದೇಯ." ಅಜ್ಜಿ ತಬ್ಬಿಬ್ಬಾಗಲೇ ಇಲ್ಲ. "ಮೊದ್ಲು ಈ ಹಾಳು ಮಟ್ಟೆ ಹತ್ಕಳ್ಳಾಕೆ ಊದೀ ಊದೀ ನನ್ನ ಕಣ್ಣೇ ಹೋಯ್ತಿದ್ವು. ನೀನು ಹೇಳ್ದಂಗೆ ಬಡ್ದು, ಭಾನ್ವಾರ ಸಂಜಿಗೆ ದನದ ಕಾಲಾಗೆ ಹಾಕಿ ತುಳ್ಸಿ, ಆಮ್ಯಾಕೆ ಒಣಗಾಕಿದ್ರೆ ಭಗ್ ಅಂತ ಹತ್ಕಂತದೆ. ಇದ ಕಂಡ್ಹಿಡ್ದೋರು ಯಾರೋ ಪುಣ್ಯಾತ್ಮರು, ಅವರ ಹೊಟ್ಟೆ ತಣ್ಣಗಿರ್ಲಿ."

ನನ್ನ ಮೊದಲ ಮಾದರಿ ಕೊಟ್ಟಿಗೆಯನ್ನು ಐದು ಸೋಮವಾರ ನಾನೇ ತಲೆಯ ಮೇಲೆ ಸುರಿದುಕೊಂಡಿದ್ದೆ. ನೀರೇನೋ ಹದವಾಗಿತ್ತು.

ಹೆಂಗಸರ ಉತ್ಸಾಹ

ಕೊರಟಗೆರೆ ಕಡೆ ಒಬ್ಬ ಪಟೇಲರದು ದೊಡ್ಡ ಅಡಿಕೆ ತೋಟ. ಕೊಯ್ಲಾದ ಮೇಲೆ ಊರಿನ ಹೆಂಗಸರು ಅವರ ಅಂಗಳದಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಸಿಪ್ಪೆಯೆಲ್ಲ ತಿಪ್ಪೆಗೆ ಹೋಗುತ್ತಿತ್ತು. ನಾನು ಪಟೇಲರಿಗೆ ಹೇಳಿ ಅದನ್ನು ಒಣಗಿಸಿ ಕೊಟ್ಟಿಗೆಗೆ ಹಾಕಿಸಿದೆ. ಪಟೇಲರು ಒಳ್ಳೆಯ ಮನುಷ್ಯ, ಸರ್ಕಾರ ಹೇಳಿತೆಂದರೆ ಬಾವಿಗೆ ಬೇಕಾದರೂ ಹಾಸಿಗೆ ಹಾಸುವವರು.

ಮಧುಗಿರಿಯ ಅನುಭವ ಆಗಿತ್ತಲ್ಲ, ಈ ಸಲ ನಾನು ಹೇಳದೆ ಕೇಳದೆ ಮೂರು ಸಲ ಹೋದೆ. ಹಾಸಿಗೆ ಹಾಸಿದ ಹಾಗೇ ಇತ್ತು. ಅಷ್ಟೇ ಅಲ್ಲ, ಇನ್ನೊಂದು ಅಚ್ಚರಿ. ಬೆಳಿಗ್ಗೆ ದನ ಮೇಯಲು ಹೊರಟ ಕೂಡಲೇ ಸುಲಿಯುವ ಹೆಂಗಸರೆಲ್ಲ ಮೊರ ಹಿಡಿದುಕೊಂಡು ಕೊಟ್ಟಿಗೆಗೆ ನುಗ್ಗುತ್ತಿದ್ದರು. ಯಾರೂ ಕರೆದಿಲ್ಲ, ಕೂಲಿ ಇಲ್ಲ. ಸಿಪ್ಪೆಯನ್ನೆಲ್ಲ ಕೈಯಾಡಿಸಿ, ಕೇರಿ, ಮತ್ತೆ ಮಟ್ಟಸವಾಗಿ ಹಾಸಿ ಹೋಗುತ್ತಿದ್ದರು. ನಾನು ನನ್ನ ವರದಿಯಲ್ಲಿ, "ಸ್ತ್ರೀಯರಲ್ಲಿ ಕೊಟ್ಟಿಗೆಯ ಶುಚಿತ್ವದ ವಿಷಯದಲ್ಲಿ ಅಪೂರ್ವ ಉತ್ಸಾಹ ಕಂಡುಬಂದಿದೆ" ಎಂದು ಬರೆದೆ. ಆ ವಾಕ್ಯದ ಮೇಲೆ ನನಗೆ ಬಹಳ ಹೆಮ್ಮೆಯಿತ್ತು. ಪಟೇಲರನ್ನು ಕರೆತಂದು ಹೆಂಗಸರ ಎದುರಿಗೇ ಓದಿ ಹೇಳಿದೆ. ಸಾಲದ್ದಕ್ಕೆ ಬಾಯಿಮಾತಿನಲ್ಲಿ ಇನ್ನೊಂದು ಸೇರಿಸಿದೆ.

"ನೋಡಿ ಪಟೇಲರೇ, ಕಸವನ್ನೂ ಇಲ್ಲಿ ಬಿಡೋದಿಲ್ಲ. ಒಬ್ಬೊಬ್ಬರೂ ಮಡಿಲು ತುಂಬ ಕಟ್ಟಿಕೊಂಡೇ ಹೋಗ್ತಾರೆ."

ಪಟೇಲರು ಹೆಂಗಸರ ಕಡೆ ತಿರುಗಿದರು. "ಮಡ್ಲಾಗೆ ಏನೈತೆ?" ಎಂದರು.

ಅಡಿಕೆ ಇತ್ತು. ಸುಲಿಯುವಾಗ ಕೈತಪ್ಪಿ ಸಿಪ್ಪೆಯಲ್ಲಿ ಉಳಿದ ಅಡಿಕೆಯೆಲ್ಲ ಸುಲಿದವರದೇ ಎಂದು ಆ ಊರಿನ ಹಳೆಯ ವಾಡಿಕೆ. ತಿಪ್ಪೆಯಲ್ಲಿದ್ದಾಗ ಅವರು ಬಿಡುವಾದಾಗ ಆರಿಸಿಕೊಳ್ಳುತ್ತಿದ್ದರು. ಎಷ್ಟು ಸಿಗುತ್ತದೆಂದು ಪಟೇಲರ ಮನೆತನದಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ನಾನು ತಿಪ್ಪೆಯನ್ನು ತಂದು ಅವರ ಮನೆಯೊಳಗೇ ಇಟ್ಟುಬಿಟ್ಟಿದ್ದೆ.

"ಇಷ್ಟೊಂದು ಕೈತಪ್ತದಾ?" ಎಂದು ಪಟೇಲರು ಕೂಗಾಡಿದರು. ಸುಲಿಯುವವರಲ್ಲಿ ಹಿರಿಯಳೊಬ್ಬಳು ಮಡಿಲು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತಳು. "ನಿಮ್ಮಪ್ಪಾರ ಕಾಲದಿಂದ ಸಿಪ್ಪೆ ನಮ್ದು ಕಣ್ರಪ್ಪ. ನೀವು ನಮ್ಮುನ್ನ ಒಂದು ಮಾತೂ ಕೇಳ್ದೆ ದನಕ್ಕೆ ಕೊಟ್ರಿ. ನಾವು ಏನಾರ ಅಂದ್ವಾ?"

ಮರುದಿನ ಸುಲಿಯಲು ಒಬ್ಬಳೂ ಬರಲಿಲ್ಲ. ಅಂಗಳದಲ್ಲಿ ಅಡಿಕೆ ರಾಶಿ ಬಾಡುತ್ತಾ ಬಿತ್ತು. ಮೂರನೆಯ ದಿನ ಪಟೇಲರೇ ಕೇರಿಗೆ ಹೋಗಿ ಅವರನ್ನೆಲ್ಲ ಕರೆದುಕೊಂಡು ಬಂದು, ಸಿಪ್ಪೆಯನ್ನು ಮರ್ಯಾದೆಯಿಂದ ತಿಪ್ಪೆಗೆ ಹಾಕಿಸಿದರು. ನನ್ನನ್ನು ಬಯ್ಯಲಿಲ್ಲ. ಬಾಗಿಲ ತನಕ ಬಂದು ಬೀಳ್ಕೊಟ್ಟು ಇಷ್ಟೇ ಹೇಳಿದರು: "ನಿಮ್ಮ ಹಾಸಿಗೆ ಮೇಲೆ ದನ ಸುಖವಾಗೇ ಮಲಗಿದ್ವು ಸ್ವಾಮಿ. ಮನೆಯೋರಿಗೆ ಮಾತ್ರ ನಿದ್ದೆ ಇರಲಿಲ್ಲ."

ಸಿರಾದ ಕುದುರೆ

ಎರಡು ತಾಲ್ಲೂಕು ಕೈಬಿಟ್ಟಿತ್ತು. ಸಿರಾದಲ್ಲಿ ಹಾಸಿಗೆ ಹಾಸಲು ಒಪ್ಪುವವರೇ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಕೀರ್ತಿ ನನ್ನ ಸೈಕಲ್ಲಿಗಿಂತ ಮುಂದೆ ಹೋಗುತ್ತಿತ್ತು. ಕೊನೆಗೆ ಜಟಕಾ ಗಾಡಿಯ ಸಾಹೇಬರೊಬ್ಬರು ಒಪ್ಪಿದರು. ಅವರದು ದನವಲ್ಲ, ಕುದುರೆ. ಪುಸ್ತಿಕೆಯಲ್ಲಿ ಜಾನುವಾರು ಎಂದಷ್ಟೇ ಬರೆದಿತ್ತು, ಕುದುರೆಯೂ ಜಾನುವಾರೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಎರಡು ಮೂಟೆ ಕಡಲೇಕಾಯಿ ಸಿಪ್ಪೆ ತರಿಸಿ ಲಾಯದಲ್ಲಿ ಹಾಸಿದೆ.

ಮಾರನೆಯ ಬೆಳಿಗ್ಗೆ ಸಾಹೇಬರು ನಾನಿದ್ದ ಕೋಣೆಯ ಮುಂದೆ ನಿಂತಿದ್ದರು.

"ಸಲಾಂ ಸಾಬ್. ಬಿಸ್ತರ್ ಖತಂ ಆಯ್ತು."

"ಖತಂ ಅಂದರೆ?"

"ಕುದುರೆ ತಿಂದ್ಬಿಡ್ತು ಸಾಬ್."

ಸಿಪ್ಪೆಯ ಜೊತೆ ಚೂರುಪಾರು ಕಡಲೇಬೀಜ ಉಳಿದಿರುತ್ತದೆ, ಅದರ ವಾಸನೆಗೆ ತಿಂದಿರಬೇಕು, ಇನ್ನೊಮ್ಮೆ ಹಾಸಿದರೆ ರೂಢಿಯಾಗುತ್ತದೆ ಎಂದೆ. ಇನ್ನೆರಡು ಮೂಟೆ ಹಾಸಿದೆವು. ಕುದುರೆಗೆ ರೂಢಿಯೇನೋ ಆಯಿತು. ರಾತ್ರಿ ಹಾಸಿದರೆ ಬೆಳಿಗ್ಗೆಗೆ ನೆಲ ಕಾಣುತ್ತಿತ್ತು. ಸಾಹೇಬರು ದಿನಾ ಬೆಳಿಗ್ಗೆ ಬಂದು ಸಲಾಂ ಮಾಡುವರು, ನಾನು ದಿನಾ ಸಿಪ್ಪೆ ಹೊಂದಿಸುವೆನು. ಆ ವಾರ ಅವರು ಕುದುರೆಗೆ ಹುಲ್ಲು ಕೊಂಡುಕೊಂಡದ್ದನ್ನು ಸಿರಾದಲ್ಲಿ ಯಾರೂ ಕಾಣಲಿಲ್ಲವಂತೆ.

ಎಂಟನೆಯ ದಿನ ನನಗೆ ರೇಗಿತು. "ಇನ್ನು ಹಾಸಿಗೆ ಕೊಡೋದಿಲ್ಲ ಸಾಹೇಬರೇ!" ಎಂದೆ. ಅವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

"ಪರವಾಗಿಲ್ಲ ಸಾಬ್, ಅದಕ್ಕೂ ಬರೀ ಹಾಸಿಗೆ ತಿಂದು ಸಾಕಾಗಿದೆ. ದಿಂಬು ಇದ್ರೆ ಕೊಡಿ. ಹುರುಳಿದು ಆದ್ರೆ ಒಳ್ಳೇದು."

ಎತ್ತಿನ ಮಾತು

ಪಾವಗಡದ ಕಡೆ ಕಡಲೇಕಾಯಿ ಹೊಲಗಳೂ ಗಾಣಗಳೂ ಹೆಚ್ಚು. ಹಾಸಿಗೆಯ ಸಹವಾಸವೇ ಬೇಡ, ಇಲ್ಲಿ ಹಿಂಡಿ ತಿನ್ನಿಸುವುದನ್ನಾದರೂ ತೋರಿಸೋಣ ಎಂದು ಒಂದು ಹಳ್ಳಿಯ ಗಾಣದ ಮುಂದೆ ಸಂತೆಯ ದಿನ ಜನ ಸೇರಿಸಿದೆ. ಗಾಣದ ಯಜಮಾನ ಊಟಕ್ಕೆ ಹೋಗಿದ್ದ. ಒಳಗೆ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಹಿಂಡಿಯ ಒಂದು ದೊಡ್ಡ ಬಿಲ್ಲೆ ಕಂಡಿತು. ಎತ್ತಿಕೊಂಡು ಬಂದು ಮುರಿದು, ಮುಂದೆ ನಿಂತಿದ್ದ ಒಂದು ಎತ್ತಿಗೆ ಹಿಡಿದೆ.

ಎತ್ತು ಮೂಸಿತು. ಮುಖ ಆ ಕಡೆ ತಿರುಗಿಸಿತು. ಆ ಕಡೆ ಹೋಗಿ ಹಿಡಿದೆ. ಈ ಕಡೆ ತಿರುಗಿಸಿತು.

ಜನ ನಗಲು ಶುರುಮಾಡಿದರು. "ಎತ್ತು ತಿನ್ನಾಕಿಲ್ಲ ಸಾಮಿ" ಎಂದ ಒಬ್ಬ. "ಎತ್ತು ತಿನ್ನಲ್ಲ ಅಂದ್ರೆ ಅದ್ರಾಗೆ ಏನೋ ಐತೆ" ಎಂದ ಇನ್ನೊಬ್ಬ. ನನಗೆ ಬೆಂಗಳೂರಿನ ದೊಡ್ಡ ಸಾಹೇಬರು ಕಂಡರು, ರೈಲ್ವೆ ಗುಮಾಸ್ತೆ ಕಂಡ. ಆವೇಶ ಬಂತು. "ಇದರಲ್ಲಿ ಏನೂ ಇಲ್ಲ! ಮನುಷ್ಯರೇ ತಿನ್ನಬಹುದು, ಅಷ್ಟು ಶುದ್ಧ!" ಎಂದು ಕೂಗಿ ಅಂಗೈಯಷ್ಟು ತುಂಡನ್ನು ಬಾಯಿಗೆ ಹಾಕಿಕೊಂಡೆ.

ಅದರ ರುಚಿಯನ್ನು ಹೇಗೆ ಹೇಳಲಿ? ನಾಲಿಗೆ ಒಂದು ಕಡೆ ಓಡಿತು, ಗಂಟಲು ಇನ್ನೊಂದು ಕಡೆ ಓಡಿತು. ಕಣ್ಣಲ್ಲಿ ನೀರು ಬಂತು. ಉಗುಳಿದರೆ ಕಥೆ ಮುಗಿದಂತೆ. ನೂರು ಜನ ನೋಡುತ್ತಿದ್ದಾರೆ. ಅಗಿದೆ. ನುಂಗಿದೆ. ನಕ್ಕೆ. "ಬಹಳ ಚೆನ್ನಾಗಿದೆ" ಎಂದೆ. ಯಾರೋ ಹಿಂದಿನಿಂದ "ಇನ್ನೊಂದು ಚೂರು ತಿನ್ರಿ ಸಾಮಿ, ನಮಗೆ ಕಾಣ್ಲಿಲ್ಲ" ಎಂದರು. ಇನ್ನೊಂದು ಚೂರು ತಿಂದೆ.

ಅಷ್ಟರಲ್ಲಿ ಗಾಣದ ಯಜಮಾನ ಕೈ ತೊಳೆದ ನೀರು ಒರೆಸಿಕೊಳ್ಳುತ್ತಾ ಓಡಿ ಬಂದ. "ಅಯ್ಯಯ್ಯೋ! ಅದ್ಯಾಕೆ ತೆಗದ್ರಿ ಸಾಮಿ? ಅದು ಹೊಂಗೆ ಬೀಜ ಆಡ್ಸಿದ ಮೇಲೆ ಮೊದಲ್ನೇ ಒಬ್ಬೆ! ಗಾಣದಾಗಿನ ಕಹಿಯೆಲ್ಲ ಅದಕ್ಕೇ ಇಳ್ದಿರ್ತದೆ. ಗೊಬ್ಬರಕ್ಕೆ ಅಂತ ಬ್ಯಾರೆ ಇಟ್ಟಿದ್ನಿ!"

ದೀಪದೆಣ್ಣೆಗೂ ತಿನ್ನುವ ಎಣ್ಣೆಗೂ ಒಂದೇ ಗಾಣವಾದರೆ, ಹೊಂಗೆ ಆಡಿಸಿದ ಮೇಲೆ ಬರುವ ಮೊದಲ ಹಿಂಡಿಯನ್ನು ದನಕ್ಕೆ ಹಾಕಬಾರದೆಂದು ಅಲ್ಲಿ ನೆರೆದಿದ್ದ ಎಲ್ಲರಿಗೂ ಗೊತ್ತಿತ್ತು. ಎತ್ತಿಗೂ ಗೊತ್ತಿತ್ತು. ಪುಸ್ತಿಕೆ ಬರೆದವರಿಗೆ ಗೊತ್ತಿರಲಿಲ್ಲ.

ಎತ್ತಿನ ಯಜಮಾನ ಬಹಳ ವಿನಯದಿಂದ ಮುಂದೆ ಬಂದ. "ತಪ್ಪು ತಿಳೀಬ್ಯಾಡಿ ಸಾಮಿ, ಒಂದು ಮಾತು. ನಮ್ಮೆತ್ತು ಮೂಸಿ ಬ್ಯಾಡ ಅಂತು. ನೀವು ಎರಡು ದಪ ತಿಂದು ಚೆನ್ನಾಗೈತೆ ಅಂದ್ರಿ. ಇನ್ನು ಮ್ಯಾಲೆ ಮೇವಿನ ಇಚಾರದಾಗೆ ನಾವು ಯಾರ ಮಾತು ಕೇಳ್ಬೇಕು?"

ಸಾಹೇಬರ ತನಿಖೆ

ವೈಶಾಖ ಅರ್ಧ ಕಳೆದಿತ್ತು. ದೊಡ್ಡ ಸಾಹೇಬರು ಹೊರಟಿರುವುದಾಗಿ ಕಾಗದ ಬಂತು. ನಾಲ್ಕು ತಾಲ್ಲೂಕಿಗೆ ನಾಲ್ಕು ಮಾದರಿ ಇರಬೇಕಾದಲ್ಲಿ ನನ್ನ ಹತ್ತಿರ ಒಂದೂ ಇರಲಿಲ್ಲ. ಆ ದಿನಗಳಲ್ಲಿ ಅನ್ನ ಸೇರುತ್ತಿರಲಿಲ್ಲ. ಮಾವನ ಮಗಳು ರೈಲ್ವೆ ಗುಮಾಸ್ತೆಯ ಮನೆಯಲ್ಲಿ ಬಿಂದಿಗೆ ಹೊತ್ತು ನೀರು ತರುವ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಒಂದು ದಿನ ಸೈಕಲ್ ಚಕ್ರದ ಗಾಳಿ ಹೋಯಿತು. ನೂಕಿಕೊಂಡು ಹೋಗಿ ಹತ್ತಿರದ ಒಂದು ತೋಟದ ಮನೆಯಲ್ಲಿ ನೀರು ಕೇಳಿದೆ. ಒಬ್ಬ ತಾತ ಮಜ್ಜಿಗೆಯನ್ನೇ ಕೊಟ್ಟ. ಕುಡಿಯುತ್ತಾ ಅವನ ಕೊಟ್ಟಿಗೆಯ ಒಳಗೆ ಇಣುಕಿದವನು ಲೋಟವನ್ನು ಕೆಳಗೆ ಹಾಕಿಬಿಡುವುದರಲ್ಲಿದ್ದೆ. ನೆಲದ ಮೇಲೆ ಕಡಲೇಕಾಯಿ ಸಿಪ್ಪೆ, ಅದರ ಮೇಲೆ ಬಡಿದು ಬಿಡಿಸಿದ ತೆಂಗಿನ ನಾರು, ಎಲ್ಲ ಒಣಗಿ ಗರಿಗರಿಯಾಗಿ, ನೊಣವಿಲ್ಲ, ವಾಸನೆಯಿಲ್ಲ.

"ತಾತ, ಇದನ್ನ ನಿಮಗೆ ಯಾರು ಹೇಳಿಕೊಟ್ಟರು?"

"ಏನ, ಹಾಸೋದಾ? ಯಾರು ಹೇಳ್ಕೊಡ್ತಾರೆ ಸ್ವಾಮಿ. ನಮ್ಮಪ್ಪ ಹಾಸ್ತಿದ್ದ, ನಾನೂ ಹಾಸ್ತೀನಿ."

ಪುಸ್ತಿಕೆ ತೆಗೆದು ಹೋಲಿಸಿ ನೋಡಿದೆ. ಪುಸ್ತಿಕೆಯಲ್ಲಿದ್ದುದಕ್ಕಿಂತ ತಾತನದೇ ಚೆನ್ನಾಗಿತ್ತು. "ನೀವು ಮಾಡ್ತಿರೋದೇ ಸರಿ ತಾತ" ಎಂದೆ. ಸಾಹೇಬರನ್ನು ಇಲ್ಲಿಗೇ ಕರೆತರುವುದೆಂದು ಗಟ್ಟಿ ಮಾಡಿಕೊಂಡೆ. ನಾನು ಕಲಿಸಿದ್ದು ಎಂದು ಹೇಳುವುದಿಲ್ಲ, ಕಲಿಸಲಿಲ್ಲ ಎಂದೂ ಹೇಳುವುದಿಲ್ಲ. ನಾಚಿಕೆಯಾಯಿತು. ಆದರೂ ಕರೆತಂದೆ.

ಸಾಹೇಬರು ಬಂದದ್ದು ಸುಡು ಮಧ್ಯಾಹ್ನ. ಭಾರಿ ಆಳು, ಕೋಟು, ಜರಿ ಪೇಟ, ಕೆಂಪಾದ ಕಣ್ಣು. ಮೋಟಾರಿನಿಂದ ಇಳಿದವರೇ ಕುತ್ತಿಗೆ ಕೆರೆದುಕೊಂಡರು, ತೋಳು ಕೆರೆದುಕೊಂಡರು, ಕಾರಣವಿಲ್ಲದೆ ನನ್ನನ್ನು ಬೈದರು. ಅವರ ದಫೇದಾರ ನನ್ನ ಕಿವಿಯಲ್ಲಿ ಹೇಳಿದ: "ಮೂರು ದಿನದಿಂದ ತಂಗಿದ ಬಂಗಲೆ ಬಂಗಲೆಯಲ್ಲೂ ತಿಗಣೆ ಕಾಟ. ಯಜಮಾನರು ಕಣ್ಣು ಮುಚ್ಚಿಲ್ಲ. ನಿಮ್ಮ ಗ್ರಹಚಾರ, ಇವತ್ತೇ ಕೈಗೆ ಸಿಕ್ಕಿದೀರಿ."

ತಾತನ ದನಗಳು ಮೇಯಲು ಹೋಗಿದ್ದವು. ಕೊಟ್ಟಿಗೆಯೊಳಗೆ ತಂಪು, ಮಬ್ಬು ಬೆಳಕು. ಸಾಹೇಬರು ಬೆತ್ತದಿಂದ ಹಾಸಿಗೆಯನ್ನು ಒತ್ತಿ ನೋಡಿದರು. ಬಗ್ಗಿ ಕೈಯಿಂದ ಒತ್ತಿದರು. "ಎಷ್ಟು ದಪ್ಪ ಇದೆಯಯ್ಯಾ?" ಎಂದರು. ಒಂದು ಗೇಣು ಎಂದೆ. ನಂಬಿಕೆಯಾಗದೆ ಕೂತು ನೋಡಿದರು. ಕೂತವರು ಗೋದಲಿಗೆ ಬೆನ್ನು ಕೊಟ್ಟರು. "ಹಸಿ ಇಲ್ಲ" ಎಂದರು. "ಹುಳ ಇಲ್ಲ" ಎಂದರು. ಮೂರನೆಯದಾಗಿ ಏನು ಇಲ್ಲವೆಂದು ಹೇಳಲು ಹೊರಟಿದ್ದರೋ ತಿಳಿಯದು, ಅದರ ಬದಲು ಗೊರಕೆ ಬಂತು.

ಎಬ್ಬಿಸಲು ಹೋದೆ. ದಫೇದಾರ ನನ್ನ ರಟ್ಟೆ ಹಿಡಿದ. "ಎಬ್ಬಿಸಿದರೆ ನಿಮ್ಮ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ." ಸಾಹೇಬರು ಮೆಲ್ಲಗೆ ಜಾರಿ ಪೂರ್ತಿ ಮಲಗಿದರು. ಪೇಟವನ್ನು ತೆಗೆದು ಗೋದಲಿಯ ಮೇಲಿಟ್ಟೆವು. ನಾವು ಹೊರಗೆ ಕೂತೆವು. ಬಿಸಿಲು ಇಳಿಯಿತು. ಊರಿನವರು ಒಬ್ಬೊಬ್ಬರಾಗಿ ಬಂದು, ಬಾಗಿಲಲ್ಲಿ ಇಣುಕಿ, ಬಾಯಿಗೆ ಬಟ್ಟೆ ಒತ್ತಿಕೊಂಡು ಹೋದರು.

ಸಂಜೆ ದನ ಮನೆಗೆ ಬಂದವು. ಎಲ್ಲಕ್ಕಿಂತ ಮುಂದೆ ಒಂದು ಕರೀ ಹಸು, ತನ್ನ ಜಾಗಕ್ಕೆ ನೆಟ್ಟಗೆ ನಡೆಯಿತು. ಜಾಗದಲ್ಲಿ ಸಾಹೇಬರಿದ್ದರು. ಹಸು ನಿಂತು ನೋಡಿತು. ತಲೆ ಬಗ್ಗಿಸಿ ಅವರ ಕೋಟನ್ನು ಮೂಸಿತು. ನಂತರ ತಿರುಗಿ ತಾತನ ಮುಖ ನೋಡಿತು.

ತಾತ ನನ್ನ ಮುಖ ನೋಡಿದ. "ಅದು ಆಯಮ್ಮನ ಜಾಗ ಸ್ವಾಮಿ. ಇನ್ನೊಂದು ಕಡೆ ಮಲಗೊಳ್ಳೋದಿಲ್ಲ ಅದು. ಇಂಥದ್ಕೆ ಏನು ಮಾಡ್ಬೇಕು ಅಂತ ನಿಮ್ಮ ಪುಸ್ತಕದಾಗೆ ಒಸಿ ನೋಡಿ."

ಪುಸ್ತಕದಲ್ಲಿ ಇರಲಿಲ್ಲ. ಹಸು ಒಂದಿಷ್ಟು ಹೊತ್ತು ಕಾದು, ಕೊನೆಗೆ ನಿಟ್ಟುಸಿರು ಬಿಟ್ಟು, ಕೊಂಬಿನ ತುದಿಯಿಂದ ಸಾಹೇಬರ ಪಕ್ಕೆಗೆ ನಯವಾಗಿ ಒಂದು ತಿವಿ ಕೊಟ್ಟಿತು. ಸಾಹೇಬರು ನಿದ್ದೆಯಲ್ಲೇ "ಸ್ವಲ್ಪ ಆ ಕಡೆ ಸರಿಯೇ" ಎಂದು, ತಾವೇ ಸರಿದು ಜಾಗ ಬಿಟ್ಟರು. ಹಸು ಪಕ್ಕದಲ್ಲಿ ಮಲಗಿ ಮೆಲುಕು ಹಾಕತೊಡಗಿತು. "ಒಂದಕ್ಕೊಂದು ಹೊಂದ್ಕಂಡ್ವು ಬುಡಿ" ಎಂದು ತಾತ ನಿಶ್ಚಿಂತೆಯಿಂದ ಹುಲ್ಲು ತರಲು ಹೋದ.

ಸಾಹೇಬರಿಗೆ ಎಚ್ಚರವಾದದ್ದು ಆ ಹಸು ಅವರ ಕೆನ್ನೆ ನೆಕ್ಕಿದಾಗ. ಎದ್ದು ಕೂತರು. ಪಕ್ಕದಲ್ಲಿ ಹಸು. ಬಾಗಿಲಲ್ಲಿ ಇಡೀ ಊರು. ನಾನು ಗೋಡೆಗೆ ಒರಗಿಕೊಂಡು ಮನಸ್ಸಿನಲ್ಲೇ ಮಾವನ ಮಗಳಿಗೆ ಕೈಮುಗಿದೆ. ರೈಲ್ವೆ ಗುಮಾಸ್ತೆಯ ಜೊತೆ ಸುಖವಾಗಿರಮ್ಮ ಎಂದುಕೊಂಡೆ.

ಸಾಹೇಬರು ಅಂಗಿಯ ತೋಳು ಮೇಲೆತ್ತಿ ಒಂದು ಕೈ ನೋಡಿಕೊಂಡರು, ಇನ್ನೊಂದು ಕೈ ನೋಡಿಕೊಂಡರು. ಕುತ್ತಿಗೆ ಸವರಿಕೊಂಡರು. ಮುಖ ಮಗುವಿನ ಮುಖದ ಹಾಗೆ ಅರಳಿತು.

"ಒಂದೂ ಕಚ್ಚಿಲ್ಲ!" ಎಂದರು. ಆಮೇಲೆ ತಾತನ ಕಡೆ ತಿರುಗಿದರು. "ಇದನ್ನು ನಿನಗೆ ಕಲಿಸಿದವರು ಯಾರಪ್ಪ?"

ತಾತನಿಗೆ ಸುಳ್ಳು ಬರುತ್ತಿರಲಿಲ್ಲ, ನನ್ನನ್ನು ಬಿಟ್ಟುಕೊಡಲೂ ಮನಸ್ಸಿರಲಿಲ್ಲ. "ನಮ್ಮಪ್ಪ ಕಲಿಸಿದ್ದು, ಬುದ್ಧಿ. ಈ ಸ್ವಾಮಿಗಳು ಬಂದು, ನೀನು ಮಾಡ್ತಿರೋದು ಸರಿ ಐತೆ ಅಂದ್ರು."

ಸಾಹೇಬರು ನನ್ನ ಕಡೆ ತಿರುಗಿದರು. "ನನ್ನ ಸರ್ವೀಸಿನಲ್ಲೇ ಇದು ಮೊದಲು ಕಣಯ್ಯಾ. ನಮ್ಮ ಇಲಾಖೆಯವನೊಬ್ಬ ರೈತನಿಗೆ, ನೀನು ಮಾಡ್ತಿರೋದು ಸರಿ ಅಂತ ಹೇಳಿದ್ದನ್ನ ಕೇಳಿಯೇ ಇರಲಿಲ್ಲ. ಕಾಗದ ತೆಗಿ, ವರದಿ ಬರಕೋ."

ನಾನು ಕಾಗದ ತೆಗೆದೆ. ಸಾಹೇಬರು ಹೇಳತೊಡಗಿದವರು ತಟ್ಟನೆ ನಿಂತು, ಹಸುವನ್ನೊಮ್ಮೆ ನೋಡಿ, ದನಿ ತಗ್ಗಿಸಿದರು. "ನಾನು ಮಲಗಿದ್ದೆ ಅಂತ ಬರೆಯೋದು ಬೇಡ. ಬೆಂಗಳೂರಿನಲ್ಲಿ ನಗ್ತಾರೆ. ಒಂದು ಜಾನುವಾರು ಅಂತ ಬರಿ."

ಬರೆದೆ. "ಒಂದು ದೊಡ್ಡ ಗಾತ್ರದ ಜಾನುವಾರನ್ನು ಸದರಿ ಹಾಸಿಗೆಯ ಮೇಲೆ ಪರೀಕ್ಷಾರ್ಥವಾಗಿ ಬಿಡಲಾಯಿತು. ಬಂದಾಗ ಅದು ಬಹಳ ಸಿಡುಕಿನಿಂದ ಇದ್ದು, ಮೈ ಕೆರೆದುಕೊಳ್ಳುತ್ತಿತ್ತು. ಮಲಗಿದ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಒಮ್ಮೆಯೂ ಏಳಲಿಲ್ಲ. ಎದ್ದ ಮೇಲೆ ಸ್ವಭಾವ ಸೌಮ್ಯವಾಗಿತ್ತು. ಮೈಮೇಲೆ ಯಾವ ಕೀಟವೂ ಕಚ್ಚಿದ ಗುರುತು ಇರಲಿಲ್ಲ. ಈ ಹಾಸಿಗೆಯನ್ನು ಎಲ್ಲ ತಾಲ್ಲೂಕಿಗೂ ಶಿಫಾರಸು ಮಾಡಲಾಗಿದೆ." ಸಾಹೇಬರು ಎರಡು ಸಲ ಓದಿ, ಸಮಾಧಾನದಿಂದ ತಲೆಯಾಡಿಸಿ, ಕೆಳಗೆ ತಮ್ಮ ರುಜು ಹಾಕಿದರು.

ವೈಶಾಖ ಮುಗಿಯಲು ಇನ್ನೂ ನಾಲ್ಕು ದಿನವಿರುವಾಗ ಕಾಯಂ ಆರ್ಡರು ಬಂತು, ಅದಕ್ಕೆ ಈ ವರದಿಯ ನಕಲು ಲಗತ್ತಾಗಿತ್ತು. ಎರಡನ್ನೂ ಹಿಡಿದುಕೊಂಡು ಮಾವನ ಮನೆಗೆ ಓಡಿದೆ. ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು, ಬಳೆಯ ಸದ್ದು ಕೇಳಿಸುತ್ತಿತ್ತು. ಮಾವ ಕನ್ನಡಕ ಹಾಕಿಕೊಂಡು ಆರ್ಡರನ್ನು ಓದಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ವರದಿಯನ್ನೂ ಒಂದಕ್ಷರ ಬಿಡದೆ ಓದಿದರು. ಓದಿ, ಕನ್ನಡಕ ತೆಗೆದು, ಒಂದೇ ಒಂದು ಸಂಶಯ ಕೇಳಿದರು.

"ಎಲ್ಲ ಸರಿಯಪ್ಪ. ಆದ್ರೆ ಈ ಜಾನುವಾರು ಅಷ್ಟು ಹೊತ್ತು ಏಳದೆ ಮಲಗಿತ್ತು ಅಂದ್ರೆ, ಅದಕ್ಕೆ ಏನಾದ್ರೂ ಕಾಯಿಲೆ ಇತ್ತೋ?"

"ಇಲ್ಲ ಮಾವ, ಚೆನ್ನಾಗಿದಾರೆ," ಎಂದೆ. "ಮದುವೆಗೂ ಬರ್ತೀನಿ ಅಂದಿದಾರೆ."